ಬಾಣಂತನದ ತಯಾರಿಯಲ್ಲಿ ಮನಸ್ಸನ್ನೂ ಸೇರಿಸಿಕೊಳ್ಳಿ

ಏಳನೇ ತಿಂಗಳು ಬಂತೆಂದರೆ ಮನೆಯಲ್ಲಿ ಬಾಣಂತನದ ತಯಾರಿ ಶುರುವಾಗುತ್ತದೆ. ಹಳೇ ಪಂಚೆ, ಕಾಟನ್ ಸೀರೆ ಹರಿದು ಮಗುವಿಗೆ ಬಟ್ಟೆ ಮಾಡುವುದು, ಅಂಟಿನುಂಡೆಗೆ ಅಂಟು, ಒಣಕೊಬ್ಬರಿ ತರಿಸುವುದು, ಎಣ್ಣೆ-ನೀರು ಹಾಕುವವರನ್ನು ಗೊತ್ತು ಮಾಡುವುದು, ಅಟ್ಟದ ಮೇಲಿನ ತೊಟ್ಟಿಲು ಇಳಿಸುವುದು. ಇಷ್ಟೆಲ್ಲ ಯೋಚಿಸುವ ಮನೆಯಲ್ಲಿ ಒಂದು ವಿಷಯ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಇವಳಿಗೆ ನಿದ್ದೆಯೇ ಬಾರದೆ ಹೋದರೆ, ದಿನವಿಡೀ ಅಳುತ್ತಾ ಕೂತರೆ, ಮಗು ಬೇಡ ಅಂದುಬಿಟ್ಟರೆ ಏನು ಮಾಡುವುದು, ಯಾರಿಗೆ ಫೋನ್ ಮಾಡುವುದು?

ಹೆರಿಗೆ ಆದಮೇಲೆ ಇದನ್ನು ಯೋಚಿಸುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಮಗು ಹಳದಿ ಕಾಣ್ತಿದೆಯಾ, ಹಾಲು ಸಾಕಾಗ್ತಿದೆಯಾ, ಹೊಲಿಗೆ ಒಣಗಿತಾ, ನಾಮಕರಣ ಯಾವತ್ತು ಅನ್ನುವುದರಲ್ಲೇ ದಿನ ಮುಗಿಯುತ್ತದೆ. ಅದಕ್ಕೇ ಈ ಮಾತುಕತೆ ಸೀಮಂತದ ಆಸುಪಾಸಿನಲ್ಲೇ ಆಗಿಬಿಡಬೇಕು. ಓದುತ್ತಿರುವವರು ಬಸುರಿಯಾದರೆ ಗಂಡನಿಗೂ ಅಮ್ಮನಿಗೂ ಓದಿಸಿ. ಗಂಡನಾದರೆ, ಹೆಂಗಸರ ವಿಷಯ ಅಂತ ಅತ್ತೆ ಮನೆಯವರ ಕಡೆ ದಾಟಿಸಬೇಡಿ. ಇದರಲ್ಲಿ ಅರ್ಧ ಕೆಲಸ ನಿಮ್ಮದೇ.

ಬಸುರಿ ಇದ್ದಾಗಲೇ ಮಾಡಬೇಕಾದ್ದು

ಡಿಪ್ರೆಷನ್ ಅಂದರೆ ಹೆರಿಗೆ ಆದಮೇಲೆ ಬರುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬಸುರಿನಲ್ಲೇ ಶುರುವಾಗಿ, ಯಾರ ಕಣ್ಣಿಗೂ ಬೀಳದೆ, ಬಾಣಂತನದಲ್ಲಿ ಜೋರಾಗುವುದು ಬಹಳ ಸಲ ಆಗುತ್ತದೆ. ಕಣ್ಣಿಗೆ ಯಾಕೆ ಬೀಳುವುದಿಲ್ಲ ಅಂದರೆ, ಊಟ ಸೇರದಿರುವುದು, ಸುಸ್ತು, ನಿದ್ದೆಗೆಡುವುದು ಇವೆಲ್ಲ ಬಸುರಿನಲ್ಲಿ ಇದ್ದದ್ದೇ ಅಲ್ವಾ ಅಂತ ಎಲ್ಲರೂ ಸುಮ್ಮನಾಗುತ್ತಾರೆ. ವ್ಯತ್ಯಾಸ ಗೊತ್ತಾಗುವುದು ಮನಸ್ಸಿನ ಕಡೆಯಿಂದ. ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವಾಗಿದೆಯಾ? ಎರಡು ವಾರದಿಂದ ಹೆಚ್ಚುಕಡಿಮೆ ದಿನವೂ ಮನಸ್ಸು ಭಾರವಾಗಿಯೇ ಇದೆಯಾ? ತಾನು ಯಾವುದಕ್ಕೂ ಲಾಯಕ್ಕಿಲ್ಲ ಅನ್ನಿಸುತ್ತಿದೆಯಾ? ಈ ಮೂರರಲ್ಲಿ ಒಂದಕ್ಕೆ ಹೌದು ಅಂತಾದರೂ ಮುಂದಿನ ಚೆಕಪ್‌ನಲ್ಲಿ ಹೇಳಲೇಬೇಕು.

ಹಿಂದೆ ಯಾವಾಗಲಾದರೂ ಡಿಪ್ರೆಷನ್, ಬೈಪೋಲಾರ್ (ಮನಸ್ಸು ಕೆಲವು ಕಾಲ ವಿಪರೀತ ಏರುವ, ಕೆಲವು ಕಾಲ ವಿಪರೀತ ಕುಸಿಯುವ ಕಾಯಿಲೆ), ಗಾಬರಿಯ ಕಾಯಿಲೆಗೆ ಮಾತ್ರೆ ತಗೊಂಡಿದ್ದರೆ ಅದನ್ನು ಮೊದಲ ಚೆಕಪ್‌ನಲ್ಲೇ ಹೆರಿಗೆ ಡಾಕ್ಟರಿಗೆ ತಿಳಿಸಿ. ತಾಯಿಗೋ ಅಕ್ಕನಿಗೋ ಬಾಣಂತನದಲ್ಲಿ 'ತಲೆ ಕೆಟ್ಟಿತ್ತು' ಅಂತ ಮನೆಯಲ್ಲಿ ಪಿಸುಮಾತಿನ ಕಥೆ ಇದ್ದರೆ ಅದನ್ನೂ ಹೇಳಿ. ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ, ಹೇಗೆ ಹೇಳುವುದು ಅನ್ನುವ ಕಷ್ಟ ನಿಜವಾದದ್ದೇ. ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನೊಳಗೆ ಇಟ್ಟು ಕೊಟ್ಟರೆ ಸಾಕು, ಅಥವಾ ತೂಕ, ಬಿಪಿ ನೋಡುವಾಗ ನರ್ಸ್ ಹತ್ತಿರ 'ಡಾಕ್ಟರ ಜೊತೆ ಒಬ್ಬಳೇ ಐದು ನಿಮಿಷ ಮಾತಾಡಬೇಕು' ಅನ್ನಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. ಅವತ್ತೂ ಕೇಳಬಹುದು.

ಮಾತ್ರೆ ತಗೊಳ್ಳುತ್ತಿದ್ದಾಗಲೇ ಬಸುರಿ ಅಂತ ಗೊತ್ತಾಯಿತು ಅಂದುಕೊಳ್ಳಿ. ಆಗ ಮಾಡಬಾರದ ಕೆಲಸ ಒಂದೇ, ಅವತ್ತೇ ಎಲ್ಲ ಮಾತ್ರೆ ನಿಲ್ಲಿಸಿಬಿಡುವುದು. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ತಿರುಗಿ ಬರುವ ಅಪಾಯವಿದೆ. ಬಸುರಿನಲ್ಲಿ ಕೊಡಬಹುದಾದ ಮಾತ್ರೆಗಳಿವೆ, ಕೊಡಬಾರದವೂ ಇವೆ. ವ್ಯಾಲ್ಪ್ರೊಯೇಟ್ ಅನ್ನುವುದು ಎರಡನೇ ಗುಂಪಿನದು, ಅದರಿಂದ ಮಗುವಿನ ಬೆನ್ನುಹುರಿಗೂ ಬುದ್ಧಿ ಬೆಳವಣಿಗೆಗೂ ತೊಂದರೆ ಆಗಬಹುದು. ಅದನ್ನೂ ನೀವಾಗಿಯೇ ಬಿಡದೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಅವರು ಬದಲಿಸುತ್ತಾರೆ. ಮಗು ಬೇಕು ಅಂತ ಯೋಚಿಸುವಾಗಲೇ ಈ ಮಾತಾಡಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಸಂಕಟವಿದೆ. ಮನಸ್ಸು ಕೆಡುವುದಕ್ಕೆ ಮನೆಯೇ ಕಾರಣವಾಗಿರುವುದು. ಗಂಡ ಹೊಡೆಯುತ್ತಾನೆ, ಎರಡನೆಯದೂ ಹೆಣ್ಣಾದರೆ ಅಂತ ದಿನಾ ಚುಚ್ಚುತ್ತಾರೆ, ದುಡ್ಡು ಕೈಗೆ ಕೊಡುವುದಿಲ್ಲ. ಇಂಥ ಕಡೆ ಧ್ಯಾನ ಮಾಡಿ, ಪಾಸಿಟಿವ್ ಆಗಿ ಯೋಚಿಸಿ ಅನ್ನುವುದು ಅನ್ಯಾಯ. 181 ಮಹಿಳಾ ಸಹಾಯವಾಣಿ, ಜಿಲ್ಲೆಯ ಸಖಿ ಕೇಂದ್ರ ಇರುವುದು ಇದಕ್ಕೇ. ತುರ್ತಾದರೆ 112.

ರಾತ್ರಿ ಪಾಳಿ ಮೊದಲೇ ಹಂಚಿಕೊಳ್ಳಿ

ಈ ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಬಾಣಂತಿಗೆ ದಿನಕ್ಕೆ ಒಂದು ಸಲವಾದರೂ ನಾಲ್ಕೈದು ಗಂಟೆ ಮಧ್ಯೆ ಏಳದೆ ಮಲಗುವ ಅವಕಾಶ ಮಾಡಿಕೊಡಿ. ಮಗು ಎರಡು-ಮೂರು ಗಂಟೆಗೊಮ್ಮೆ ಹಾಲಿಗೆ ಏಳುತ್ತದೆ. ಚೂರು ಚೂರು ನಿದ್ದೆಯಲ್ಲಿ ವಾರಗಟ್ಟಲೆ ಕಳೆದರೆ ಗಟ್ಟಿ ಮನಸ್ಸಿನವರೂ ಕುಸಿಯುತ್ತಾರೆ, ಬೈಪೋಲಾರ್ ಇದ್ದವರಿಗಂತೂ ನಿದ್ದೆಗೆಡುವುದೇ ಕಾಯಿಲೆ ತಿರುಗಿ ಬರುವ ದಾರಿ.

ಹೇಗೆ ಅಂದರೆ, ರಾತ್ರಿ ಒಂಬತ್ತಕ್ಕೆ ಹಾಲು ಕೊಟ್ಟು ಅವಳು ಬೇರೆ ಕೋಣೆಯಲ್ಲಿ ಮಲಗಲಿ. ನಡುವಿನ ಒಂದು ಹಾಲನ್ನು ಗಂಡನೋ ಅಮ್ಮನೋ ನೋಡಿಕೊಳ್ಳಲಿ. ಹಿಂಡಿಟ್ಟ ಎದೆಹಾಲು ಮುಚ್ಚಿಟ್ಟರೆ ಮನೆಯ ಸಾಮಾನ್ಯ ತಾಪದಲ್ಲಿ ನಾಲ್ಕು ಗಂಟೆ ಇರುತ್ತದೆ. ಬೇಸಿಗೆಯ ರಾಯಚೂರು, ಕಲಬುರಗಿಯಲ್ಲಿ ಅಷ್ಟು ನೆಚ್ಚಿಕೊಳ್ಳದೆ ಫ್ರಿಜ್‌ನಲ್ಲಿಡಿ. ಬಾಟಲಿ ಬೇಡ, ಒಳಲೆ ಇದೆಯಲ್ಲ, ಅದರಲ್ಲೇ ನಿಧಾನವಾಗಿ ಕುಡಿಸಬಹುದು. ಹಾಲೂಡುವುದು ಇನ್ನೂ ಕುದುರಿಲ್ಲದ ಮೊದಲ ದಿನಗಳಲ್ಲಿ ಅವಳೇ ಹಾಲು ಕೊಡಲಿ, ತೇಗಿಸುವುದು, ಬಟ್ಟೆ ಬದಲಿಸುವುದು, ಎತ್ತಿಕೊಂಡು ಅಡ್ಡಾಡುವುದು ಬೇರೆಯವರ ಪಾಲಿಗಿರಲಿ. 'ನಾಳೆ ಆಫೀಸ್ ಇದೆ' ಅನ್ನುವ ಗಂಡ ಶುಕ್ರವಾರ, ಶನಿವಾರ ರಾತ್ರಿಯನ್ನಾದರೂ ಪೂರ್ತಿ ವಹಿಸಿಕೊಳ್ಳಬಹುದು. ಬೆಳಗ್ಗೆ ನೋಡುವುದಕ್ಕೆ ಬಂದವರಿಗೆ ಕಾಫಿ ಕೊಟ್ಟು ಹೊರಗೇ ಕೂರಿಸುವುದೂ ಒಂದು ಕೆಲಸವೇ, ಅದನ್ನು ಮನೆಯ ಬಾಯಿಗಟ್ಟಿಯವರಿಗೆ ಒಪ್ಪಿಸಿ.

ನಮ್ಮ ಬಾಣಂತನದ ಪದ್ಧತಿಯಲ್ಲಿ ಮನಸ್ಸಿಗೆ ಒಳ್ಳೆಯದಾಗುವುದು ಬೇಕಾದಷ್ಟಿದೆ. ತವರು, ಎಣ್ಣೆ-ನೀರು, ಬಿಸಿ ಊಟ, ಒಲೆ ಕಡೆ ತಲೆ ಹಾಕದೆ ಇರುವುದು, ಇವನ್ನೆಲ್ಲ ಯಾಕೆ ಬಿಡಬೇಕು? ಬಿಡಬೇಕಾದದ್ದು ಕೆಲವೇ. ಕಿಟಕಿ ಮುಚ್ಚಿದ ಕತ್ತಲೆ ಕೋಣೆ ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ತಾಯಿಗೂ ಮಗುವಿಗೂ ಪ್ರಾಣಾಪಾಯ. ನೀರು ಕಡಿಮೆ ಕುಡಿಸುವುದಂತೂ ಬೇಡವೇ ಬೇಡ, ಯಾಕೆ ಅಂತ ಮುಂದೆ ಹೇಳುತ್ತೇನೆ. ಫೋನ್ ಮುಟ್ಟಬೇಡ, ಓದಬೇಡ, ಮಾತಾಡಬೇಡ ಅಂತ ನಲವತ್ತು ದಿನ ಕಟ್ಟಿಹಾಕಿದರೆ ಅವಳಿಗೆ ಉಳಿಯುವುದು ಮಗುವಿನ ಅಳು, ತನ್ನ ಯೋಚನೆ ಎರಡೇ. ದಿನಕ್ಕೊಮ್ಮೆ ಗೆಳತಿಯ ಜೊತೆ ಹತ್ತು ನಿಮಿಷ ಹರಟಲಿ, ಅಂಗಳದಲ್ಲಿ ಬೆಳಗಿನ ಬಿಸಿಲಿಗೆ ಕೂರಲಿ.

ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ಹೆರಿಗೆಯಾಗಿ ಮೂರನೇ ದಿನವೋ ಐದನೇ ದಿನವೋ ಕಾರಣವಿಲ್ಲದೆ ಅಳು ಬರುವುದು, ಸಿಡುಕು, ಒಂದು ಗಳಿಗೆ ನಗು ಇನ್ನೊಂದು ಗಳಿಗೆ ಕಣ್ಣೀರು, ಇದು ಅರ್ಧಕ್ಕಿಂತ ಜಾಸ್ತಿ ಬಾಣಂತಿಯರಿಗೆ ಆಗುತ್ತದೆ. ಹಾರ್ಮೋನುಗಳು ಏಕಾಏಕಿ ಇಳಿಯುವ ಸಮಯ ಅದು. ಔಷಧಿ ಬೇಡ. ನಿದ್ದೆ, ಊಟ, ಜೊತೆಗೊಬ್ಬರು ಇದ್ದರೆ ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ.

ಎರಡು ವಾರ ದಾಟಿದರೂ ಹೋಗದಿದ್ದರೆ, ಅಥವಾ ಚೆನ್ನಾಗಿದ್ದವಳು ಎರಡು-ಮೂರು ತಿಂಗಳಿಗೆ ಮಂಕಾದರೆ, ಡಿಪ್ರೆಷನ್ ಇರಬಹುದು. ಮಗು ನಿದ್ದೆ ಮಾಡಿದಾಗಲೂ ಅವಳಿಗೆ ನಿದ್ದೆ ಬರುವುದಿಲ್ಲ. ಮಗುವನ್ನು ಎತ್ತಿಕೊಂಡರೂ ಯಾರದೋ ಮಗು ಅನ್ನಿಸುತ್ತದೆ. ನಾನು ಕೆಟ್ಟ ತಾಯಿ, ನನ್ನಿಂದ ಎಲ್ಲರಿಗೂ ತೊಂದರೆ ಅನ್ನುವ ಮಾತು ಪದೇಪದೇ ಬರುತ್ತದೆ. ಕೆಲವರಲ್ಲಿ ಅಳುವೇ ಇರುವುದಿಲ್ಲ, ಬರೀ ತಲೆಭಾರ, ಎದೆ ಡವಡವ, ಮೈಕೈ ಸೆಳೆತ ಅಂತ ಹೇಳಿಕೊಂಡು ಮನೆಯವರಿಂದ ಬೈಸಿಕೊಳ್ಳುತ್ತಾರೆ. ಭಾರತದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ನೂರು ತಾಯಂದಿರಲ್ಲಿ ಸುಮಾರು 22 ಮಂದಿಗೆ ಇದು ಇರುತ್ತದೆ. ನಿಮ್ಮ ಬೀದಿಯಲ್ಲೇ ಒಬ್ಬರಿರಬಹುದು. ಇದಕ್ಕೆ ಡಾಕ್ಟರ್ ಬೇಕು, ಆ ವಾರದಲ್ಲೇ.

ಯಾರೂ ಬಾಯಿಬಿಡದ ಇನ್ನೊಂದಿದೆ. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವಾಗ 'ಕೈಬಿಟ್ಟರೆ?' ಅಂತ, ತರಕಾರಿ ಹೆಚ್ಚುವಾಗ ಚಾಕು ನೋಡಿ 'ಮಗುವಿಗೆ ಏನಾದರೂ ಮಾಡಿಬಿಟ್ಟರೆ?' ಅಂತ ಒಂದು ಭಯಾನಕ ಚಿತ್ರ ತಲೆಗೆ ನುಗ್ಗುತ್ತದೆ. ಇಂಥ ಯೋಚನೆ ಬಹಳ ತಾಯಂದಿರಿಗೆ, ಅಪ್ಪಂದಿರಿಗೂ, ಬಂದು ಹೋಗುತ್ತದೆ. ಅದಕ್ಕೆ ಹೆದರಿ, ಅಸಹ್ಯಪಟ್ಟು, ಮಗುವಿನ ಹತ್ತಿರ ಹೋಗುವುದಕ್ಕೇ ಅಂಜುತ್ತಿದ್ದೀರಿ ಅಂದರೆ ನೀವು ಹಾಗೆ ಮಾಡುವವರಲ್ಲ. ಅದು ಗಾಬರಿಯ ಕಾಯಿಲೆಯ ಒಂದು ರೂಪ, ವಾಸಿಯಾಗುತ್ತದೆ, ಡಾಕ್ಟರ್ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳಿ.

ಒಂದು ದಿನವೂ ಕಾಯಬಾರದ್ದು ಇದು. ಹೆರಿಗೆಯಾದ ಮೊದಲ ಎರಡು ವಾರದಲ್ಲಿ ಸಾಮಾನ್ಯವಾಗಿ ಶುರುವಾಗುತ್ತದೆ. ನಿದ್ದೆ ಇಲ್ಲ, ಆದರೂ ಸುಸ್ತಿಲ್ಲ. ಮಾತು ಓಡುತ್ತಿರುತ್ತದೆ, ಅಥವಾ ಪೂರ್ತಿ ನಿಂತುಹೋಗಿರುತ್ತದೆ. ಯಾರೋ ಮಗುವನ್ನು ಬದಲಿಸಿದ್ದಾರೆ, ಮಗುವಿನಲ್ಲಿ ದೆವ್ವ ಇದೆ, ದೇವರು ನನ್ನ ಕಿವಿಯಲ್ಲಿ ಹೇಳುತ್ತಿದ್ದಾನೆ ಅಂತ ನಂಬಿರುತ್ತಾಳೆ. ಹಿರಿಯರು ಬಾಣಂತಿ ಸನ್ನಿ ಅನ್ನುತ್ತಾರೆ, ಡಾಕ್ಟರುಗಳು ಪೋಸ್ಟ್‌ಪಾರ್ಟಮ್ ಸೈಕೋಸಿಸ್ ಅನ್ನುತ್ತಾರೆ. ಸಾವಿರ ಹೆರಿಗೆಯಲ್ಲಿ ಒಂದೋ ಎರಡೋ ಕಾಣುವ ಕಾಯಿಲೆ, ಆದರೆ ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ. ಅವತ್ತೇ ಆಸ್ಪತ್ರೆ. ಹೋಗುವವರೆಗೆ ಮಗುವಿನ ಜೊತೆ ಅವಳೊಬ್ಬಳನ್ನೇ ಬಿಡಬೇಡಿ. ದೃಷ್ಟಿ ತೆಗೆಸಬೇಕು, ತಾಯತ ಕಟ್ಟಿಸಬೇಕು ಅಂತ ಅಜ್ಜಿ ಹಠ ಹಿಡಿದರೆ ಅವರ ಜೊತೆ ಜಗಳಕ್ಕೆ ಸಮಯ ಹಾಳುಮಾಡಬೇಡಿ, ಆಸ್ಪತ್ರೆಯಿಂದ ಬಂದಮೇಲೆ ಕಟ್ಟಿಸೋಣ ಅನ್ನಿ.

ಬಾಣಂತಿ ತೊದಲುತ್ತಿದ್ದರೆ, ಗೊಂದಲದಲ್ಲಿದ್ದರೆ, ಅದರ ಜೊತೆ ಜ್ವರ, ತಡೆಯಲಾಗದ ತಲೆನೋವು, ಫಿಟ್ಸ್, ಕಣ್ಣು ಮಂಜಾಗುವುದು ಇದ್ದರೆ ಅದು ಬರೀ ಮನಸ್ಸಿನ ಕಾಯಿಲೆ ಇರಲಿಕ್ಕಿಲ್ಲ. ನಂಜು ಏರಿರಬಹುದು, ಬಿಪಿ ಏರಿರಬಹುದು, ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಈ ಕೊನೆಯದು ನಮ್ಮ ದೇಶದ ಬಾಣಂತಿಯರಲ್ಲಿ ಕಾಣುವಂಥದ್ದೇ, ಮೈಯಲ್ಲಿ ನೀರು ಕಡಿಮೆಯಾದರೆ ಅಪಾಯ ಜಾಸ್ತಿ. ನೀರು ಕುಡಿಸಿ ಅಂದದ್ದು ಇದಕ್ಕೇ. 108ಕ್ಕೆ ಫೋನ್ ಮಾಡಿ, ಎಲ್ಲ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೇ ಹೋಗಿ.

ಕೇಳುವುದು ಹೇಗೆ

'ಹೇಗಿದ್ದೀಯ?' ಅಂದರೆ 'ಚೆನ್ನಾಗಿದೀನಿ' ಅನ್ನುವ ಉತ್ತರವೇ ಬರುವುದು. ಬೇರೆ ಥರ ಕೇಳಿ. 'ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದೆ?' 'ಇವತ್ತು ಒಬ್ಬಳೇ ಇದ್ದಾಗ ಏನು ಯೋಚನೆ ಬಂತು?' 'ಮಗು ಅಳುವಾಗ ನಿನಗೆ ಏನನ್ನಿಸುತ್ತೆ?' ಕೇಳಿದ ಮೇಲೆ ಸುಮ್ಮನೆ ಕೇಳಿಸಿಕೊಳ್ಳಿ, ಪರಿಹಾರ ಹೇಳುವುದಕ್ಕೆ ಹೋಗಬೇಡಿ. 'ನಾವೆಲ್ಲ ಆರಾರು ಹೆತ್ತಿಲ್ವಾ' ಅನ್ನುವ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಆರು ಹೆತ್ತವರಲ್ಲೂ ಎಷ್ಟು ಜನ ಬಚ್ಚಲಲ್ಲಿ ಕೂತು ಅತ್ತಿದ್ದಾರೆ ಅಂತ ಯಾರು ಲೆಕ್ಕ ಇಟ್ಟಿದ್ದರು?

ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳುವುದಕ್ಕೆ ಹೆದರಬೇಡಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿ, ಇಲಿ ಪಾಷಾಣ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಬೀಗ ಹಾಕಿಡಿ, ಇಲ್ಲವೇ ಮನೆಯಿಂದಲೇ ಸಾಗಿಸಿ. ಅವತ್ತೇ ಆಸ್ಪತ್ರೆಗೆ ಹೋಗಿ.

ಎಡಿನ್‌ಬರ್ಗ್ ಸ್ಕೇಲ್ ಅಂತ ಒಂದು ಪ್ರಶ್ನಾವಳಿ ಇದೆ. 1987ರಲ್ಲಿ ಬಂದದ್ದು, ಕನ್ನಡದಲ್ಲೂ ಇದೆ. ಕಳೆದ ಏಳು ದಿನದ ಬಗ್ಗೆ ಹತ್ತು ಪ್ರಶ್ನೆ, ಒಟ್ಟು 30 ಅಂಕ. 13 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರಿಗೆ ತೋರಿಸಲೇಬೇಕು ಅಂತ ಇಟ್ಟುಕೊಳ್ಳಿ. ಹತ್ತನೇ ಪ್ರಶ್ನೆ ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆಯದ್ದು. ಅದಕ್ಕೆ 'ಇಲ್ಲ' ಬಿಟ್ಟು ಬೇರೆ ಯಾವ ಉತ್ತರ ಬಂದರೂ ಒಟ್ಟು ಅಂಕ ನೋಡುತ್ತಾ ಕೂರಬೇಡಿ. ಮನೆಗೆ ಬರುವ ಆಶಾ ಕಾರ್ಯಕರ್ತೆಗೂ ಹೇಳಿ. ಆಸ್ಪತ್ರೆ ಹೆರಿಗೆಯಾದ ಮೇಲೆ 3, 7, 14, 21, 28, 42ನೇ ದಿನ ಅವರು ಮಗು ನೋಡಲು ಬರಬೇಕು. ಮಗುವಿನ ತೂಕ ನೋಡಿ ಎದ್ದು ಹೋಗುವ ಮುಂಚೆ, 'ಇವಳನ್ನೂ ಸ್ವಲ್ಪ ಮಾತಾಡಿಸಿ' ಅನ್ನಿ.

ಗರ್ಭ ನಿಲ್ಲದೆ ಹೋದವರು, ಮಗು ಕಳೆದುಕೊಂಡವರು, ಮಗುವನ್ನು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಬಿಟ್ಟು ಬರಿಗೈಲಿ ಮನೆಗೆ ಬಂದವರು, ಇವರಿಗೆ ಮೇಲೆ ಹೇಳಿದ್ದೆಲ್ಲ ಇನ್ನೂ ಜಾಸ್ತಿ ಅನ್ವಯಿಸುತ್ತದೆ. 'ಇನ್ನೊಂದು ಆಗುತ್ತೆ ಬಿಡು' ಅನ್ನಬೇಡಿ. ಆ ಮಗುವಿನ ಬಗ್ಗೆ ಮಾತಾಡಬೇಕು ಅಂತ ಅವಳಿಗೆ ಅನ್ನಿಸಿದರೆ ಮಾತಾಡಲು ಬಿಡಿ. ಹಾಗೆಯೇ ಅಪ್ಪಂದಿರು. ಹತ್ತರಲ್ಲಿ ಒಬ್ಬ ಅಪ್ಪನಿಗೂ ಈ ಸಮಯದಲ್ಲಿ ಡಿಪ್ರೆಷನ್ ಬರುತ್ತದೆ. ಅದು ಕಾಣುವುದು ಸಿಟ್ಟಾಗಿ, ಕುಡಿತವಾಗಿ, ಆಫೀಸಿನಿಂದ ತಡವಾಗಿ ಬರುವುದಾಗಿ.

ಎಲ್ಲಿಗೆ ಹೋಗುವುದು, ಏನು ಹೇಳುವುದು

ಮನೆಯಿಂದ ಹೊರಡದೆ ಮಾಡಬಹುದಾದ ಮೊದಲ ಕೆಲಸ 14416ಕ್ಕೆ ಫೋನ್ ಮಾಡುವುದು. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಉಚಿತ ಸೇವೆ. ರಾತ್ರಿ ಎರಡು ಗಂಟೆಗೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬಾಣಂತಿಗೆ ಮಾತಾಡುವ ಮನಸ್ಸಿಲ್ಲದಿದ್ದರೆ ಮನೆಯವರೇ ಮಾಡಿ ಕೇಳಬಹುದು. ಈಗಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ, ಆಮೇಲೆ ಅಂದರೆ ಮರೆಯುತ್ತೀರಿ.

ನೇರವಾಗಿ ತೋರಿಸುವುದಕ್ಕೆ ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರದ ಹೊತ್ತು ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಅಂತ ಆಸ್ಪತ್ರೆಗೆ ಕೇಳಿಕೊಂಡೇ ಹೊರಡಿ, ಬಾಣಂತಿಯನ್ನು ಬಸ್ಸಿನಲ್ಲಿ ಸುಮ್ನೆ ಅಲೆದಾಡಿಸಬಾರದಲ್ಲ. ಉತ್ತರ ಕರ್ನಾಟಕದವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಜೊತೆಯಲ್ಲೇ ಇದ್ದು ಚಿಕಿತ್ಸೆ ಪಡೆಯುವ ಪ್ರತ್ಯೇಕ ವಾರ್ಡ್ ಇದೆ, ದೇಶದಲ್ಲಿ ಇಂಥದ್ದಕ್ಕೆ ಅದೇ ಮೊದಲು. ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಅನ್ನುವ ಭಯದಿಂದಲೇ ಎಷ್ಟೋ ಜನ ಹೋಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದಕ್ಕೆ ಉತ್ತರವಿದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ತಾಯಿಯಿಂದ ಮಗುವಿಗೆ ಅಪಾಯ ಅನ್ನಿಸಿದರೆ ಮಾತ್ರ ಸ್ವಲ್ಪ ಕಾಲ ದೂರ ಇಡಬಹುದು.

ಓಪಿಡಿಯಲ್ಲಿ ಎರಡು ನಿಮಿಷ ಸಿಕ್ಕರೆ ಹೆಚ್ಚು, ಹೀಗಾಗಿ ಬರೆದುಕೊಂಡು ಹೋಗಿ. 'ಡಾಕ್ಟ್ರೇ, ಹೆರಿಗೆಯಾಗಿ ಐದು ವಾರ. ಮೂರು ವಾರದಿಂದ ಮಗು ಮಲಗಿದಾಗಲೂ ನಿದ್ದೆ ಬರ್ತಿಲ್ಲ. ದಿನಾ ಅಳು. ಸತ್ತರೆ ಸಾಕು ಅಂತ ಎರಡು ಸಲ ಅನ್ನಿಸಿದೆ. ಎದೆಹಾಲು ಕೊಡ್ತಿದೀನಿ.' ಇಷ್ಟಿದ್ದರೆ ಯಾವ ಡಾಕ್ಟರೂ 'ಎಲ್ಲ ಸರಿಹೋಗುತ್ತೆ ಹೋಗಮ್ಮ' ಅಂತ ಕಳಿಸುವುದು ಕಷ್ಟ. ಕಳಿಸಿದರೆ ಇನ್ನೊಬ್ಬರಿಗೆ ತೋರಿಸಿ. ಥೈರಾಯ್ಡ್, ಹೀಮೋಗ್ಲೋಬಿನ್ ಟೆಸ್ಟ್ ಮಾಡಿಸಿ ಅಂತ ನೀವೇ ಕೇಳಿ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ, ರಕ್ತ ಕಡಿಮೆಯಾದರೂ ಡಿಪ್ರೆಷನ್ ಥರವೇ ಕಾಣುತ್ತದೆ.

ಸೌಮ್ಯವಾಗಿದ್ದರೆ ಕೌನ್ಸೆಲಿಂಗ್ ಸಾಕು. ಜಾಸ್ತಿ ಇದ್ದರೆ ಮಾತ್ರೆ ಕೊಡುತ್ತಾರೆ. ಹಾಲೂಡುವ ತಾಯಂದಿರಿಗೆ ಹೆಚ್ಚಾಗಿ ಕೊಡುವುದು ಸರ್ಟ್ರಲಿನ್, ಅದು ಎದೆಹಾಲಿಗೆ ಇಳಿಯುವುದು ಬಹಳ ಕಡಿಮೆ. ಹಾಗಾಗಿ ಮಾತ್ರೆ ಶುರುವಾಯಿತು, ಹಾಲು ಬಿಡಿಸಿ ಅಂತ ಮನೆಯವರು ತೀರ್ಮಾನ ಮಾಡುವುದು ಬೇಡ. ಗುಣ ಕಾಣುವುದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು ಬಂದು ಹೋಗಬಹುದು. ವಾಸಿಯಾಯಿತು ಅನ್ನಿಸಿದ ಕೂಡಲೇ ಬಿಟ್ಟುಬಿಡುವುದೇ ದೊಡ್ಡ ತೊಂದರೆ, ಸಾಮಾನ್ಯವಾಗಿ ಆರಾಮಾದ ಮೇಲೂ ಆರು ತಿಂಗಳಾದರೂ ತಗೊಳ್ಳಬೇಕಾಗುತ್ತದೆ.

ತವರಿನಿಂದ ಹೊರಟ ಮೇಲೆ

ಮೂರನೇ ತಿಂಗಳೋ ಐದನೇ ತಿಂಗಳೋ ಮಗುವನ್ನು ಕರೆದುಕೊಂಡು ಗಂಡನ ಮನೆಗೆ ಹೋಗುವ ದಿನ ಬರುತ್ತದೆ. ಎಲ್ಲರ ಗಮನ ಶಾಸ್ತ್ರದ ಮೇಲೆ, ಬೆಳ್ಳಿ ಲೋಟದ ಮೇಲೆ. ಅಲ್ಲಿಯವರೆಗೆ ನಾಲ್ಕು ಕೈ ನೋಡಿಕೊಳ್ಳುತ್ತಿದ್ದ ಮಗು ಮರುದಿನದಿಂದ ಅವಳೊಬ್ಬಳ ಪಾಲಿಗೆ ಬರುತ್ತದೆ, ಜೊತೆಗೆ ಅಡುಗೆಮನೆಯೂ ಬರುತ್ತದೆ. ಮೊದಲ ಒಂದು ವರ್ಷದಲ್ಲಿ ಯಾವಾಗ ಬೇಕಾದರೂ ಡಿಪ್ರೆಷನ್ ಶುರುವಾಗಬಹುದು. ಈ ಸ್ಥಳ ಬದಲಾವಣೆಯ ಮೊದಲ ತಿಂಗಳಲ್ಲಿ ಮತ್ತೊಮ್ಮೆ ಆ ಹತ್ತು ಪ್ರಶ್ನೆ ಕೇಳಿಕೊಳ್ಳಿ. ಕೆಲಸಕ್ಕೆ ವಾಪಸ್ ಹೋಗುವಾಗ ಇನ್ನೊಮ್ಮೆ. ಕಾನೂನಿನ ಪ್ರಕಾರ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ 26 ವಾರ ಹೆರಿಗೆ ರಜೆ ಇದೆ. ಹೆರಿಗೆಯಿಂದಾಗಿ ಕಾಯಿಲೆ ಬಿದ್ದರೆ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟು ಇನ್ನೂ ಒಂದು ತಿಂಗಳವರೆಗೆ ಕೇಳಬಹುದು. ಇದು ಗೊತ್ತಿರುವವರು ಕಡಿಮೆ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ನಮ್ಮವರಿಗೆ ಆ ದಿನ ಅಂದರೆ ಅಮ್ಮನ ವೀಸಾ ಮುಗಿದು ವಿಮಾನ ಹತ್ತಿಸುವ ದಿನ. ಹೊರಗೆ ಚಳಿ, ಗಂಡ ಆಫೀಸಿನಲ್ಲಿ, ಕನ್ನಡದಲ್ಲಿ ಮಾತಾಡಲು ಮಗು ಬಿಟ್ಟು ಯಾರೂ ಇಲ್ಲ. ಅಮ್ಮ ಹೊರಡುವುದಕ್ಕೆ ಒಂದು ತಿಂಗಳ ಮುಂಚೆಯೇ ಅಡುಗೆಗೋ ಮಗುವಿಗೋ ಸಹಾಯ ಗೊತ್ತು ಮಾಡಿಕೊಳ್ಳಿ. ಅಮೆರಿಕದಲ್ಲಿ ತಾಯಂದಿರಿಗೆಂದೇ 1-833-852-6262 ಅನ್ನುವ ಉಚಿತ ಸಹಾಯವಾಣಿ ಇದೆ. ಇಂಗ್ಲೆಂಡಿನವರು ಮನೆಗೆ ಬರುವ ಹೆಲ್ತ್ ವಿಸಿಟರ್ ಹತ್ತಿರ ಹೇಳಿ.

ಒಮ್ಮೆ ಹೀಗಾಗಿ ವಾಸಿಯಾದವರು ಎರಡನೇ ಮಗು ಬೇಕು ಅಂದಾಗ ಮನೆಯವರು ಹಳೇ ಚೀಟಿಗಳನ್ನೆಲ್ಲ ಹರಿದು ಹಾಕಿರುತ್ತಾರೆ. ಹರಿಯಬೇಡಿ, ಫೈಲ್ ಮಾಡಿಡಿ. ಬಾಣಂತಿ ಸನ್ನಿ ಬಂದಿದ್ದವರಿಗೆ ಮುಂದಿನ ಹೆರಿಗೆಯಲ್ಲಿ ಮತ್ತೆ ಬರುವ ಸಂಭವ ಬಹಳ ಜಾಸ್ತಿ. ಆದರೆ ಬರುವುದು ಮೊದಲೇ ಗೊತ್ತಿದ್ದರೆ ಹೆರಿಗೆಯಾದ ಕೂಡಲೇ ಮಾತ್ರೆ ಶುರುಮಾಡಿ ತಡೆಯುವ ಪ್ರಯತ್ನ ಮಾಡಬಹುದು. ಆ ಫೈಲನ್ನು ಬಸುರಿನ ಮೊದಲ ಚೆಕಪ್‌ಗೇ ತಗೊಂಡು ಹೋಗಿ, ಹೆರಿಗೆ ಡಾಕ್ಟರ್ ಮತ್ತು ಮನೋವೈದ್ಯರು ಒಬ್ಬರ ಜೊತೆ ಒಬ್ಬರು ಮಾತಾಡುವ ಹಾಗೆ ನೋಡಿಕೊಳ್ಳಿ.